ಕೀಲುನೋವೆಂದು ಕೂರಬೇಡಿ, ಹೃದಯಕ್ಕೆ ನಡಿಗೆ ಬೇಕು

‘ನಡೆದರೆ ಕೀಲು ಸವೆಯುತ್ತೆ, ಸುಮ್ಮನೆ ಕೂತಿರು.’ ರುಮಟಾಯ್ಡ್ ಸಂಧಿವಾತ ಇರುವವರಿಗೆ ಮನೆಯವರು, ನೆಂಟರು ಕೊಡುವ ಮೊದಲ ಸಲಹೆ ಇದು. ನೋವಿನಲ್ಲಿರುವವರಿಗೂ ಅದೇ ಸರಿ ಎನಿಸುತ್ತದೆ. ಆದರೆ ರುಮಟಾಯ್ಡ್ ಸಂಧಿವಾತ ವಯಸ್ಸಾದಂತೆ ಮಂಡಿ ಸವೆಯುವ ಕಾಯಿಲೆಯಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದು ಉರಿಯೂತ ಉಂಟುಮಾಡುತ್ತದೆ. ಅದೇ ಉರಿಯೂತ ರಕ್ತನಾಳಗಳನ್ನೂ ಕೆಡಿಸುತ್ತದೆ. ಹಾಗಾಗಿ ಇವರಿಗೆ ಹೃದ್ರೋಗದ ಅಪಾಯ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಕೂತೇ ಇದ್ದರೆ ಸ್ನಾಯು ಸೊರಗುತ್ತದೆ, ತೂಕ, ಬಿ.ಪಿ., ಶುಗರ್ ಏರುತ್ತವೆ. ಹೃದಯದ ಅಪಾಯ ಇನ್ನಷ್ಟು ಬೆಳೆಯುತ್ತದೆ.

ನೋವು ಹೆಚ್ಚಾದೀತೆಂಬ ಅಂಜಿಕೆ, ಬಿಡದ ಸುಸ್ತು, ಏನು ಮಾಡಬೇಕೆಂದು ಯಾರೂ ಹೇಳಿಕೊಡದಿರುವುದು: ರೋಗಿಗಳು ಹೇಳಿಕೊಳ್ಳುವ ಅಡ್ಡಿಗಳು ಇವೇ. ಯುರೋಪಿನ ಸಂಧಿರೋಗ ತಜ್ಞರ ಒಕ್ಕೂಟ ‘ಯೂಲಾರ್’ 2018ರಲ್ಲಿ ಪ್ರಕಟಿಸಿದ ಶಿಫಾರಸುಗಳು ವ್ಯಾಯಾಮವನ್ನು ಚಿಕಿತ್ಸೆಯ ಭಾಗವಾಗಿಯೇ ಕಾಣುತ್ತವೆ. ಮೈಸೂರಿನ ದಟ್ಟಗಳ್ಳಿಯಂಥ ಬಡಾವಣೆಯಲ್ಲಿ ಅದನ್ನು ಶುರುಮಾಡುವ ಬಗೆ ಇಲ್ಲಿದೆ.

1. ಮೊದಲು ತಪಾಸಣೆ

ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಇಸಿಜಿಯನ್ನೂ ಮಾಡಿಸಿ. ಸಂಧಿವಾತ ಇರುವುದನ್ನು ಹೃದ್ರೋಗ ತಜ್ಞರಿಗೆ ಮರೆಯದೆ ತಿಳಿಸಿ. ಉರಿಯೂತ ಜೋರಾಗಿರುವಾಗ ಕೊಲೆಸ್ಟ್ರಾಲ್ ಕಡಿಮೆ ತೋರಿಸಬಹುದು. ರಿಪೋರ್ಟ್ ಚೆನ್ನಾಗಿದೆ ಎಂದು ನಿಶ್ಚಿಂತರಾಗಬೇಡಿ. ಹೃದಯ ತಪಾಸಣೆಗೆ ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಆಸ್ಪತ್ರೆಯಿದೆ.

2. ಹೊತ್ತು ಆರಿಸಿಕೊಳ್ಳಿ

ಬೆಳಗಿನ ಜಾವವೇ ವಾಕಿಂಗ್ ಹೋಗಬೇಕೆಂಬ ನಿಯಮವಿಲ್ಲ. ಸಂಧಿವಾತದ ಬಿಗಿತ ಬೆಳಿಗ್ಗೆಯೇ ಹೆಚ್ಚು. ಬೆರಳು ಮಡಚಲು ಒಂದು ಗಂಟೆ ಹಿಡಿಯುವವರೂ ಇದ್ದಾರೆ. ಬಿಸಿನೀರಿನ ಸ್ನಾನ ಮುಗಿಸಿ, ಮೈ ಸಡಿಲವಾದ ಮೇಲೆ ಹೊರಡಿ. ಸಂಜೆಯಾದರೂ ಆದೀತು.

3. ಸಮತಟ್ಟು ದಾರಿ, ಚಿಕ್ಕ ನಡಿಗೆ

ಮೊದಲ ವಾರ ದಿನಕ್ಕೆ 5ರಿಂದ 10 ನಿಮಿಷ ಸಾಕು. ಮನೆಯ ಹತ್ತಿರದ ಪಾರ್ಕಿನಿಂದಲೇ ಆರಂಭಿಸಿ. ಲಿಂಗಾಂಬುಧಿ ಕೆರೆಗೆ ಹೋದರೆ ಪೂರ್ತಿ ಸುತ್ತು ಹಾಕುವ ಹಟ ಬೇಡ. ನಡುದಾರಿಯಲ್ಲಿ ಸುಸ್ತಾದರೆ ವಾಪಸ್ಸು ಬರಲೂ ಅಷ್ಟೇ ದೂರ ನಡೆಯಬೇಕು. ಗಡಿಯಾರ ನೋಡಿ ಅರ್ಧ ಹೊತ್ತು ಹೋಗಿ, ಅರ್ಧ ಹೊತ್ತು ಬನ್ನಿ. ಪಾದದ ಕೀಲು ನೋಯುವವರಿಗೆ ಹವಾಯಿ ಚಪ್ಪಲಿ ಬೇಡ. ಮೆತ್ತನೆಯ ತಳದ, ಬೆರಳಿಗೆ ಜಾಗವಿರುವ ಶೂ ಧರಿಸಿ.

ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದು ಸರಿಯಾದ ವೇಗ. ವಾರಕ್ಕೆ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಅಲ್ಲಿಗೆ ತಲುಪಲು ತಿಂಗಳುಗಳೇ ಹಿಡಿಯಲಿ.

4. ವಾರಕ್ಕೆರಡು ದಿನ ಬಲದ ವ್ಯಾಯಾಮ

ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು ಮನೆಯಲ್ಲೇ ಆಗುತ್ತದೆ. ಮಣಿಕಟ್ಟು ನೋಯುತ್ತಿದ್ದರೆ ಡಂಬೆಲ್ ಬಿಗಿಹಿಡಿಯುವ ಬದಲು ರಬ್ಬರ್ ಬ್ಯಾಂಡನ್ನು ಮುಂಗೈಗೆ ಸುತ್ತಿಕೊಳ್ಳಿ. ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆ ಕಲಿತರೆ ಧೈರ್ಯ ಬರುತ್ತದೆ.

‘ದಿನವಿಡೀ ಮನೆಗೆಲಸ ಮಾಡುತ್ತೇನಲ್ಲ’ ಎನ್ನುವ ಹೆಣ್ಣುಮಕ್ಕಳು ಬಹಳ. ಬಟ್ಟೆ ಹಿಂಡುವುದು, ಹಿಟ್ಟು ನಾದುವುದು ನೋಯುವ ಬೆರಳುಗಳನ್ನೇ ದಣಿಸುತ್ತವೆ. ಹೃದಯಕ್ಕೆ ಬೇಕಾದ ಬಿಡುವಿಲ್ಲದ ಚಲನೆ ಅದರಲ್ಲಿ ಇಲ್ಲ.

5. ಯೋಗ ಮಾಡುವುದಾದರೆ

ಮೈಸೂರಿನಲ್ಲಿ ಯೋಗ ತರಗತಿಗೆ ಬರವಿಲ್ಲ. ಸೇರುವ ಮುನ್ನ ಗುರುಗಳಿಗೆ ಕಾಯಿಲೆಯ ವಿಷಯ ಹೇಳಿ. ಬಹುಕಾಲದ ಸಂಧಿವಾತ ಕುತ್ತಿಗೆಯ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲಿಸಬಹುದು. ಆದ್ದರಿಂದ ವೈದ್ಯರು ಒಪ್ಪುವವರೆಗೆ ಶೀರ್ಷಾಸನ, ಸರ್ವಾಂಗಾಸನ ಬೇಡ. ಮಂಡಿ ಊದಿದ್ದರೆ ವಜ್ರಾಸನವೂ ಬೇಡ.

6. ನೋವಿನ ಲೆಕ್ಕ

ವ್ಯಾಯಾಮದ ನಂತರ ತುಸು ನೋವು ಸಹಜ. ಅದು ಎರಡು ಗಂಟೆ ದಾಟಿಯೂ ಉಳಿದರೆ ಅಥವಾ ಮರುದಿನ ಕೀಲು ಊದಿದರೆ ಮುಂದಿನ ಸಲ ಕಡಿಮೆ ಮಾಡಿ. ಕಾಯಿಲೆ ಉಲ್ಬಣಿಸಿ ಕೀಲು ಬಿಸಿಯಾಗಿ ಕೆಂಪಾದ ದಿನಗಳಲ್ಲಿ ಭಾರ ಎತ್ತಬೇಡಿ. ಮೆಲ್ಲಗೆ ಮಡಚಿ ಬಿಡಿಸಿದರೆ ಸಾಕು. ನೋವು ತಡೆಯಲೆಂದು ಮೆಡಿಕಲ್ ಸ್ಟೋರಿನಿಂದ ನೀವೇ ನೋವಿನ ಮಾತ್ರೆ ತಂದು ನುಂಗಬೇಡಿ. ಡೈಕ್ಲೋಫಿನ್ಯಾಕ್‌ನಂಥವು ಹೃದಯದ ಅಪಾಯ ಹೆಚ್ಚಿಸುತ್ತವೆ. ನಡಿಗೆಯಿಂದ ಹಗುರಾಯಿತೆಂದು ಮೆಥೊಟ್ರೆಕ್ಸೇಟ್‌ನಂಥ ಔಷಧಿ ಬಿಡುವುದೂ ತಪ್ಪು. ಉರಿಯೂತ ಹತೋಟಿಯಲ್ಲಿದ್ದರಷ್ಟೇ ಹೃದಯಕ್ಕೂ ರಕ್ಷಣೆ. ಸಿಗರೇಟು, ಬೀಡಿ ಕೀಲಿಗೂ ಹೃದಯಕ್ಕೂ ಕೆಟ್ಟದ್ದು.

ಈ ಲಕ್ಷಣ ಕಂಡರೆ ನಿಲ್ಲಿ

ಭುಜನೋವು ಸಂಧಿವಾತದವರಿಗೆ ಹೊಸದಲ್ಲ. ಹಾಗೆಂದೇ ಹೃದಯದ ನೋವನ್ನು ಕೀಲುನೋವೆಂದು ತಳ್ಳಿಹಾಕುವ ಅಪಾಯ ಇವರಿಗೆ ಹೆಚ್ಚು. ನಡೆಯುವಾಗ ಎದೆ, ಎಡತೋಳು, ಭುಜ ಅಥವಾ ದವಡೆಯಲ್ಲಿ ನೋವು ಬಂದು, ನಿಂತೊಡನೆ ಇಳಿದರೆ ತಡಮಾಡದೆ ಹೃದ್ರೋಗ ತಜ್ಞರನ್ನು ಕಾಣಿ. ನಿಂತರೂ ಇಳಿಯದಿದ್ದರೆ, ಜೊತೆಗೆ ಬೆವರು, ಉಸಿರುಕಟ್ಟುವಿಕೆ ಇದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.

ಮುಂದಿನ ಬಾರಿ ಸಂಧಿವಾತದ ವೈದ್ಯರ ಬಳಿ ಹೋದಾಗ ಕೀಲಿನ ಮಾತಿನ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ‘ನನ್ನ ಹೃದಯ ಹೇಗಿದೆ, ನಾನು ಎಷ್ಟು ನಡೆಯಬಹುದು?’