ತಕ್ಕಡಿಯ ಮುಳ್ಳು ನಿಲ್ಲುವವರೆಗೆ

 

ಮೊನ್ನೆ ರಾತ್ರಿ ದೂರವಾಣಿಯಲ್ಲಿ ನೀನಾಡಿದ ಮಾತೊಂದು ಈ ಮೂರು ದಿನಗಳಿಂದ ನನಗೆ ನಿದ್ರೆ ಕೊಟ್ಟಿಲ್ಲ. “ಸಂಖ್ಯೆ ಬಂದಿದೆ ತಾತ, ದೊಡ್ಡದೇ ಬಂದಿದೆ. ಈ ತಿಂಗಳೇ ಪ್ರಬಂಧವನ್ನು ಕಳುಹಿಸಿಬಿಡುತ್ತೇನೆ. ತಪ್ಪಿದ್ದರೆ ಮುಂದೆ ಯಾರಾದರೂ ತಿದ್ದುತ್ತಾರೆ” ಎಂದೆ. ನಾನು ಆಗ ಹೂಂಗುಟ್ಟಿ ಸುಮ್ಮನಾದೆನು. ಸುಮ್ಮನಾದುದು ಒಪ್ಪಿಗೆಯಿಂದಲ್ಲ, ಕೋಪದಿಂದ. ಕೋಪದಲ್ಲಿ ಆಡಿದ ಮಾತಿಗಿಂತ ಸಾವಧಾನದಿಂದ ಬರೆದ ಕಾಗದ ಲೇಸೆಂದು ಆರ್.ಟಿ. ನಗರದ ಈ ಹಳೆಯ ಮನೆಯ ಹಜಾರದಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನ ವಯಸ್ಸಿನವರು ಬೇರೆಬೇರೆ ವಿದ್ಯೆಗಳಲ್ಲಿ ಇದೇ ಕವಲಿನಲ್ಲಿ ನಿಂತಿರುವುದನ್ನು ನಾನು ಬಲ್ಲೆನಾದುದರಿಂದ ಇದನ್ನು ಪತ್ರಿಕೆಗೂ ಕೊಡುವವನಿದ್ದೇನೆ. ನಿನ್ನ ಹೆಸರನ್ನು ಮಾತ್ರ ಕೊಡುವುದಿಲ್ಲ.

ಕಳುಹಿಸುವುದಕ್ಕೂ ಕಾಯುವುದಕ್ಕೂ ಎರಡಕ್ಕೂ ನ್ಯಾಯವಿದೆ ಎಂಬುದನ್ನು ಮೊದಲೇ ಒಪ್ಪುತ್ತೇನೆ. ವಿದ್ಯಾರ್ಥಿವೇತನದ ಅವಧಿ ಮುಗಿಯುತ್ತಲಿದೆ, ಹೊರದೇಶದ ಅರ್ಜಿಗೆ ಕಡೆಯ ದಿನಾಂಕವಿದೆ, ಯಲಹಂಕದಲ್ಲಿ ನಿನ್ನ ತಾಯಿ ಕಟ್ಟುತ್ತಿರುವ ಸಾಲದ ಕಂತೂ ಇದೆ. ಇವು ಯಾವುವೂ ಹಗುರವಾದ ಸಂಗತಿಗಳಲ್ಲ. ಆದರೆ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೆ ಮೀರಿ ತಕ್ಕಡಿಗಳಿಗೂ ತೂಕದ ಕಲ್ಲುಗಳಿಗೂ ಮುದ್ರೆ ಒತ್ತುತ್ತ ಬದುಕಿದವನು ನಾನು. ತೂಕದ ವಿಷಯದಲ್ಲಿ ನನ್ನ ಮುಂದೆ ಯಾರೇ ಹಗುರವಾಗಿ ಮಾತನಾಡಿದರೂ, ಅವರು ನನ್ನ ಅಣ್ಣನ ಮೊಮ್ಮಗಳೇ ಆಗಿದ್ದರೂ, ನನಗೆ ಸಹಿಸಲಾಗುವುದಿಲ್ಲ.

ನೀನು ತೂಗುತ್ತಿರುವ ವಸ್ತುವನ್ನು ಯಾವ ತಟ್ಟೆಯಲ್ಲಿಯೂ ಇಡುವಂತಿಲ್ಲವೆಂಬುದನ್ನು ನೀನೇ ನನಗೆ ಕಲಿಸಿದೆ. ಕೃಷ್ಣರಂಧ್ರವು ಕಾಣದು, ಅದರ ಸಮೀಪದಲ್ಲಿ ಧಾವಿಸುವ ನಕ್ಷತ್ರಗಳ ವೇಗವು ಮಾತ್ರ ರೋಹಿತದ ರೇಖೆಗಳು ಅಗಲವಾಗುವುದರಲ್ಲಿ ತೋರಿಕೊಳ್ಳುವುದು. ಆ ವೇಗಕ್ಕೆ ಕಾರಣವಾದ ಸೆಳೆತದಲ್ಲಿ ನಕ್ಷತ್ರಗಳ ಪಾಲೆಷ್ಟು, ಕಾಣದ ದ್ರವ್ಯದ ಪಾಲೆಷ್ಟು, ಉಳಿದು ಕೃಷ್ಣರಂಧ್ರಕ್ಕೆ ಸಲ್ಲತಕ್ಕದ್ದೆಷ್ಟು ಎಂದು ವಿಭಾಗಿಸಬೇಕು. ಅಪಾರ ನಕ್ಷತ್ರಗಳು ಕಿರಿದಾದ ಎಡೆಯಲ್ಲಿ ಒತ್ತೊತ್ತಾಗಿ ತುಂಬಿರುವ, ನೀನು ಅಭ್ಯಸಿಸುವಂತಹ ಅಡಕವಾದ ಗೆಲಾಕ್ಸಿಗಳಲ್ಲಿ ಆ ಪಾಲುಪಟ್ಟಿಯೇ ಅತ್ಯಂತ ಕಠಿಣವಾದ ಕೆಲಸ. ಕಂಡ ಬೆಳಕಿಗೂ ಕಂಡ ವೇಗಕ್ಕೂ ಹೊಂದುವವರೆಗೆ ಸಹಸ್ರಾರು ಕಕ್ಷೆಗಳನ್ನು ಗಣಿಸಿ ಕೂಡಿಸುವ ನಿಮ್ಮ ವಿಧಾನವನ್ನು 1979ರಲ್ಲಿ ಕೊಟ್ಟವನು ಮಾರ್ಟಿನ್ ಶ್ವಾರ್ಟ್ಸ್‌ಚೈಲ್ಡ್ ಎಂದೂ, ಐನ್‌ಸ್ಟೈನನ ಸಮೀಕರಣಗಳಿಂದ ಕೃಷ್ಣರಂಧ್ರದ ಗಣಿತವನ್ನು ಮೊದಲು ಬಿಡಿಸಿದ ಕಾರ್ಲ್ ಶ್ವಾರ್ಟ್ಸ್‌ಚೈಲ್ಡನು ಅವನ ತಂದೆಯೆಂದೂ ನೀನು ಹೇಳಿದ ದಿನ ನಾನು ಬಹಳ ಹೊತ್ತು ಮೌನವಾಗಿದ್ದೆನು. 1916ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲವಷ್ಟೆ. ತಂದೆ ಕಾಗದದ ಮೇಲೆ ಕಂಡುದನ್ನು ತೂಗುವ ತಕ್ಕಡಿಯನ್ನು ಮಗನು ಅರವತ್ತಮೂರು ವರ್ಷಗಳ ತರುವಾಯ ಮಾಡಿಕೊಟ್ಟನು.

ಇಂತಹ ಮಾತುಗಳು ನನ್ನನ್ನು ಇಷ್ಟೊಂದು ತಟ್ಟುವುದಕ್ಕೆ ಕಾರಣವೊಂದುಂಟು. 1970ರ ಅಕ್ಟೋಬರ್ 2ರಂದು, ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ನರು ಪ್ರತಿವರ್ಷವೂ ಕೊಡುತ್ತಿದ್ದ ಗಾಂಧೀ ಸ್ಮಾರಕ ಉಪನ್ಯಾಸವನ್ನು ಕೇಳಲು, ಹತ್ತೊಂಬತ್ತು ವರ್ಷದ ನಾನು ಬೈಸಿಕಲ್ಲನ್ನು ಹೊರಗೆ ಮರಕ್ಕೊರಗಿಸಿ ಒಳಹೊಕ್ಕು ಹಿಂದಿನ ಸಾಲಿನಲ್ಲಿ ನಿಂತಿದ್ದೆನು. ಆ ದಿನ ಅವರು ಆರಿಸಿಕೊಂಡಿದ್ದ ವಿಷಯ ನಮ್ಮ ಕಿವಿಯು ಶಬ್ದವನ್ನು ಹೇಗೆ ಗ್ರಹಿಸುವುದೆಂಬುದು. ಎಂಬತ್ತೆರಡರ ಹತ್ತಿರದ ಆ ವೃದ್ಧರ ಕಂಠವು ನಡುಗುತ್ತಿದ್ದುದೂ, ವಿಚಾರವು ಒಂದಿಷ್ಟೂ ನಡುಗದೆ ಇದ್ದುದೂ ನನಗೆ ಇಂದಿಗೂ ನೆನಪಿದೆ. ಅದೇ ಅವರ ಕೊನೆಯ ಉಪನ್ಯಾಸವಾಯಿತು. ನವೆಂಬರ್ 21ರಂದು ಅವರು ತೀರಿಕೊಂಡರು. ನಾನೂ ಭೌತಶಾಸ್ತ್ರದಲ್ಲಿಯೇ ಮುಂದುವರಿಯಬೇಕೆಂದು ಆ ಸಂಜೆ ಹೆಬ್ಬಾಳದ ಕೆರೆಯ ಏರಿಯ ಮೇಲೆ ನಡೆಯುತ್ತ ನಿಶ್ಚಯಿಸಿಕೊಂಡೆನು. ಆಗ ಅಲ್ಲಿ ಮೇಲ್ಸೇತುವೆಯೂ ಇರಲಿಲ್ಲ, ದೀಪಗಳ ಈ ಮಾಲೆಯೂ ಇರಲಿಲ್ಲ. ಆಕಾಶಗಂಗೆಯು ನೀರಿನ ಮೇಲೆ ಬಾಗಿದಂತೆ ಕಾಣುತ್ತಿತ್ತು. ಮರುವರ್ಷವೇ ತಂದೆಯವರು ಹೋದರು, ನಾನು ಬಿ.ಎಸ್ಸಿ. ಮುಗಿಸಿ ಸಿಕ್ಕ ಸರ್ಕಾರಿ ನೌಕರಿಗೆ ಸೇರಿದೆನು.

ಅದೇ 1970ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ಸಿ.ವಿ. ವಿಶ್ವೇಶ್ವರರು, ಕನ್ನಡದ ವಿದ್ವಾಂಸ ಸಿ.ಕೆ. ವೆಂಕಟರಾಮಯ್ಯನವರ ಸುಪುತ್ರರು, ಅಮೆರಿಕದಲ್ಲಿದ್ದುಕೊಂಡು ಮತ್ತೊಂದು ನಾದವನ್ನು ಕಂಡುಹಿಡಿದರೆಂಬುದು ನನಗೆ ತಿಳಿದುದು ಎಷ್ಟೋ ಕಾಲದ ಮೇಲೆ. ಕೃಷ್ಣರಂಧ್ರವನ್ನು ಕದಲಿಸಿದರೆ ಅದು ಘಂಟೆಯಂತೆ ಅನುರಣಿಸಿ ಕ್ರಮವಾಗಿ ಮೌನಕ್ಕಿಳಿಯುವುದು, ಆ ನಾದದ ಸ್ಥಾಯಿಯಿಂದಲೇ ಅದರ ದ್ರವ್ಯರಾಶಿಯನ್ನು ತಿಳಿಯಬಹುದು ಎಂದು ಅವರ ಗಣಿತವು ಹೇಳಿತು. ಆಮೇಲೆ ಅವರು ಊರಿಗೆ ಹಿಂದಿರುಗಿ ರಾಮನ್ ಸಂಸ್ಥೆಯಲ್ಲಿ, ಅನಂತರ ಭಾರತೀಯ ಖಭೌತ ಸಂಸ್ಥೆಯಲ್ಲಿ ದುಡಿದರು. ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದರು. ನಿನ್ನನ್ನು ಐದನೆಯ ತರಗತಿಯಲ್ಲಿ ನಾನು ಕರೆದುಕೊಂಡು ಹೋಗಿದ್ದುದು ಅಲ್ಲಿಗೇ. ಅವರು ಲೆಕ್ಕದಲ್ಲಿ ಕೇಳಿದ ಆ ನಾದದ ಛಾಯೆ ನಿಜವಾಗಿಯೂ ಭೂಮಿಗೆ ಮುಟ್ಟಿದುದು 2015ರ ಸೆಪ್ಟೆಂಬರ್ 14ರಂದು. ಲೋಕಕ್ಕೆ ತಿಳಿದುದು 2016ರ ಫೆಬ್ರವರಿಯಲ್ಲಿ. 36 ಸೂರ್ಯರ ತೂಕದ್ದೊಂದು, 29 ಸೂರ್ಯರ ತೂಕದ್ದೊಂದು ಕೂಡಿ 62 ಸೂರ್ಯರ ತೂಕದ ಒಂದೇ ಕೃಷ್ಣರಂಧ್ರವಾಗಿತ್ತು. ಮಿಕ್ಕ ಮೂರು ಸೂರ್ಯರ ತೂಕವು ಅಲೆಗಳಾಗಿ ಹೊರಟುಹೋಗಿತ್ತು. ನಲವತ್ತೈದು ವರ್ಷ, ಮಗು! ಆ ವಾರ್ತೆಯನ್ನು ಕೇಳುವ ಭಾಗ್ಯ ವಿಶ್ವೇಶ್ವರರಿಗೆ ದೊರೆಯಿತು; ಮರುವರ್ಷದ ಜನವರಿಯಲ್ಲಿ ಅವರು ನಮ್ಮನ್ನಗಲಿದರು. ನೀನು ಕಾಯಬೇಕಾದುದು ಒಂದು ವರ್ಷ.

ಎಲ್ಲರೂ ಹೀಗೆಯೇ ಮಾಡುತ್ತಾರೆಂದು ನೀನು ಎನ್‌ಜಿಸಿ 1277ರ ಕಥೆಯನ್ನು ಎತ್ತಿದೆಯಲ್ಲ, ಅದನ್ನೇ ಮತ್ತೊಮ್ಮೆ ನೋಡೋಣ. ನೀವು ಪರ್ಸಿಯಸ್ ಎನ್ನುವ, ನಮ್ಮ ಕಾಲದ ಕನ್ನಡ ಪುಸ್ತಕಗಳು ಪಾರ್ಥ ಎಂದು ಕರೆದ ದಿಕ್ಕಿನಲ್ಲಿ, ಇಪ್ಪತ್ತು ಕೋಟಿಗೂ ಮಿಕ್ಕ ಜ್ಯೋತಿರ್ವರ್ಷಗಳಾಚೆ ಇರುವ ಆ ಪುಟ್ಟ ಗೆಲಾಕ್ಸಿಯ ಗರ್ಭದಲ್ಲಿ 1,700 ಕೋಟಿ ಸೂರ್ಯರ ತೂಕದ ಕೃಷ್ಣರಂಧ್ರವಿದೆಯೆಂದು 2012ರಲ್ಲಿ ಪ್ರಕಟವಾಯಿತು. ಮರುವರ್ಷವೇ ಮತ್ತೊಬ್ಬರು 500 ಕೋಟಿಯೂ ಸಾಕಾದೀತೆಂದರು. 2016ರಲ್ಲಿ ಹವಾಯಿಯ ದೊಡ್ಡ ದೂರದರ್ಶಕದಿಂದ ವಾಯುಮಂಡಲದ ಅದುರನ್ನು ತಿದ್ದಿಕೊಂಡು ನೋಡಿದವರಿಗೆ ದೊರೆತುದು 490 ಕೋಟಿ, ಅದರಲ್ಲಿಯೂ 160 ಕೋಟಿಯಷ್ಟು ಹೆಚ್ಚುಕಡಿಮೆ. ಅದೇ ವರ್ಷ ಬೇರೆಯವರ ಲೆಕ್ಕಕ್ಕೆ 120 ಕೋಟಿ. ಮೊದಲು ತೂಗಿದವರು ತಪ್ಪುಮಾಡಿದರೆಂದು ನಾನು ಹೇಳುವವನಲ್ಲ. ತಮ್ಮ ಕೈಯಲ್ಲಿದ್ದ ಕನ್ನಡಕದಿಂದ ತಮಗೆ ಕಂಡುದನ್ನು ಅವರು ಹೇಳಿದರು. ಬೇರೊಂದು ಕಡೆ, ಎಂ60-ಯುಸಿಡಿ1 ಎಂಬ, ಅಡ್ಡಳತೆಯಲ್ಲಿ ಮುನ್ನೂರು ಜ್ಯೋತಿರ್ವರ್ಷದಷ್ಟೇ ಇರುವ ಕುಬ್ಜ ಗೆಲಾಕ್ಸಿಯಲ್ಲಿ 2014ರಲ್ಲಿ ತೂಗಿದವರಿಗೆ 2 ಕೋಟಿ 10 ಲಕ್ಷ ಸೂರ್ಯರ ತೂಕ, ಎಂದರೆ ಆ ಗೆಲಾಕ್ಸಿಯ ಇಡಿಯ ತೂಕದ ಶೇಕಡ 15ರಷ್ಟು, ಸಿಕ್ಕಿತು. ಆದುದರಿಂದ ದೊಡ್ಡ ಸಂಖ್ಯೆಯೇ ಸುಳ್ಳೆಂಬ ಸಂಶಯ ನನಗಿಲ್ಲ.

ನನ್ನ ಕೋಪವಿರುವುದು ಬೇರೆಡೆ. ಕಳೆದ ಧನುರ್ಮಾಸದಲ್ಲಿ ಮನೆಗೆ ಬಂದಿದ್ದಾಗ, ಹುಗ್ಗಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ನೀನೇ ನನಗೆ ಹೇಳಿದೆ: ನಕ್ಷತ್ರಗಳ ಬೆಳಕಿಗೂ ತೂಕಕ್ಕೂ ಇರುವ ಪ್ರಮಾಣವು ಕೇಂದ್ರದಲ್ಲಿಯೂ ಅಂಚಿನಲ್ಲಿಯೂ ಒಂದೇ ಎಂದು ಹಿಡಿದಿದ್ದೇನೆ, ಒಳಗಿನ ನಕ್ಷತ್ರಗಳು ಕೊಡುವ ಬೆಳಕಿಗಿಂತ ಭಾರವಾಗಿದ್ದರೆ ಆ ಹೆಚ್ಚಿನ ಭಾರವೆಲ್ಲ ಕೃಷ್ಣರಂಧ್ರದ ಲೆಕ್ಕಕ್ಕೆ ಬಿದ್ದುಬಿಡುತ್ತದೆ, ಎಂದು. ಸಂಶಯವು ಇತರರಿಗೆ ಆಮೇಲೆ ಬಂದುದು ಒಂದು. ನಿನಗೆ ಮೊದಲೇ ಬಂದುದನ್ನು ನೀನು ಅಡಗಿಸಿಡುವುದು ಇನ್ನೊಂದು. “ಯಾರಾದರೂ ತಿದ್ದುತ್ತಾರೆ” ಎನ್ನುವ ಮಾತನ್ನು ನಿನ್ನ ಬಾಯಿಗೆ ಕಲಿಸಿದವರು ಯಾರು? ಉಂಡ ಎಲೆಯನ್ನು ಇನ್ನೊಬ್ಬರು ತೆಗೆಯಲೆಂದು ಏಳುವ ಸಂಸ್ಕಾರ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ!

ಇದನ್ನು ಹೇಳುವ ಹಕ್ಕು ನನಗೆ ಹೇಗೆ ಬಂದಿತೆಂಬುದನ್ನು ನಿನ್ನ ಅಜ್ಜನಿಗೂ ನಾನು ಹೇಳಿರಲಿಲ್ಲ. 1978ರಲ್ಲಿ, ಹೆಸರು ಬೇಡ, ಒಂದು ಪೇಟೆಯ ಮಂಡಿಗೆ ತಪಾಸಣೆಗೆ ಹೋಗಿದ್ದೆನು. ನನ್ನ ಚೀಲದಲ್ಲಿದ್ದ ಮಾದರಿ ತೂಕಗಳನ್ನು ಪ್ರಯೋಗಾಲಯದ ತೂಕಗಳೊಡನೆ ಹೋಲಿಸಿ ನೋಡಬೇಕಾದ ದಿನವು ಆಗಲೇ ದಾಟಿತ್ತು. ಬಡ್ತಿಯ ಪಟ್ಟಿ ಸಿದ್ಧವಾಗುತ್ತಿದ್ದ ಆ ತಿಂಗಳಲ್ಲಿ ನಾನು ಅದನ್ನು ಮುಂದಕ್ಕೆ ಹಾಕಿದ್ದೆನು. ರಾಗಿಯ ಮೂಟೆಗಳ ನಡುವೆ ಒಬ್ಬ ಮುದುಕ ವರ್ತಕನ 20 ಕಿಲೋ ಕಲ್ಲನ್ನು ನನ್ನ ಕಲ್ಲಿನ ಎದುರು ಇಟ್ಟಾಗ ಅವನದು ಕೆಳಗೆ ತೂಗಿತು. ಕೊಳ್ಳುವ ಮಂಡಿಯಲ್ಲಿ ಭಾರವಾದ ಕಲ್ಲೆಂದರೆ ರೈತನ ರಾಗಿಯನ್ನು ಕದಿಯುವ ಕಲ್ಲು. ಮುಳ್ಳು ನೆಟ್ಟಗೆ ನಿಲ್ಲುವವರೆಗೂ ನಾನು ಕಾಯಲಿಲ್ಲ. ಸಂತೆಯ ಜನವೆಲ್ಲ ನೋಡುತ್ತಿರಲು ಗಟ್ಟಿಯಾಗಿ ಕಳ್ಳತೂಕವೆಂದು ಸಾರಿ ಅವನ ಕಲ್ಲುಗಳನ್ನೆಲ್ಲ ವಶಪಡಿಸಿಕೊಂಡು ಬಂದೆನು. ಮೂರು ತಿಂಗಳ ಮೇಲೆ ಹೋಲಿಕೆ ನೋಡಿದಾಗ ತಿಳಿದುದೇನೆಂದರೆ, ಎಲ್ಲಿಯೋ ಬಿದ್ದು ಅಂಚು ಮುಕ್ಕಾಗಿ ಹಗುರವಾಗಿದ್ದುದು ನನ್ನ ಕಲ್ಲೇ. ಅವನದು ಸರಿಯಾಗಿಯೇ ಇದ್ದಿತು.

ಕಲ್ಲುಗಳನ್ನು ನಾನೇ ಹೊತ್ತುಕೊಂಡು ಹೋಗಿ ಕೈಮುಗಿದೆನು. ಅವನು ಬೈಯಲಿಲ್ಲ. ಹೆಗಲ ಮೇಲಿನ ಟವಲಿನಿಂದ ಒಂದೊಂದನ್ನೂ ಒರೆಸಿ ಅಟ್ಟದ ಮೇಲೆ ಇಟ್ಟು, “ಇವನ್ನು ಜನ ನೋಡಿಬಿಟ್ಟಿದ್ದಾರೆ ಸ್ವಾಮಿ” ಎಂದನು. ಆಗಲೇ ಹೊಸ ಕಲ್ಲುಗಳನ್ನು ಕೊಂಡಿದ್ದನು. ಆ ಹಳೆಯವನ್ನು ಮತ್ತೆ ಕೆಳಗಿಳಿಸಲಿಲ್ಲ. ಬಡ್ತಿ ನನಗೆ ಆ ವರ್ಷವೇ ಬಂದಿತು.

ನಿನ್ನ ಗೆಲಾಕ್ಸಿಗೆ ಮಾನಭಂಗವಾಗುವುದಿಲ್ಲ, ನಿಜ. ಆದರೆ ಅದರ ಸಂಖ್ಯೆಯನ್ನು ನಂಬಿ ಇನ್ನೊಬ್ಬ ಹುಡುಗ ಇನ್ನೊಂದು ದೇಶದಲ್ಲಿ ತನ್ನ ಮೂರು ವರ್ಷಗಳನ್ನು ಅದರ ಮೇಲೆ ಕಟ್ಟುವನಲ್ಲ, ಅವನನ್ನು ಯೋಚಿಸು. ಹೊಸಕೋಟೆಯಲ್ಲಿ ಕುಳಿತು ಹಾನ್ಲೆಯ ಎರಡು ಮೀಟರಿನ ದೂರದರ್ಶಕವನ್ನು ಮೊದಲ ಬಾರಿ ನಡೆಸಿದ ಬೆಳಗ್ಗೆ ಐದು ಗಂಟೆಗೆ ನನ್ನನ್ನು ಎಬ್ಬಿಸಿ, “ತಾತ, ಒಂದು ರೇಖೆ ಕಂಡಿತು, ಆದರೆ ನಂಬಬೇಕೋ ಬೇಡವೋ ತಿಳಿಯದು” ಎಂದು ಸಂತೋಷದಿಂದ ಅತ್ತವಳು ನೀನು. ನಾನು ಆ ಹುಡುಗಿಗೆ ಈ ಕಾಗದ ಬರೆಯುತ್ತಿದ್ದೇನೆ.

ಬೈದುದು ಹೆಚ್ಚಾಯಿತು. ನೀನು ದಣಿದಿದ್ದೀಯೆ, ದಣಿವಿನಲ್ಲಿ ಹೊರಟ ಮಾತನ್ನೇ ನಿನ್ನ ಸ್ವಭಾವವೆಂದು ಹಿಡಿದೆನಾದರೆ ನಾನು ಮತ್ತೆ ಆ ಮಂಡಿಯಲ್ಲಿಯೇ ನಿಂತಂತಾಗುವುದು. ಭಾನುವಾರ ಊಟಕ್ಕೆ ಬಾ. ಅವರೆಕಾಯಿ ಸಾರು ಮಾಡಿಸಿರುತ್ತೇನೆ. ಪ್ರಮಾಣವನ್ನು ಒಳಗೊಂದು ಹೊರಗೊಂದು ಹಿಡಿದರೆ ನಿನ್ನ ಸಂಖ್ಯೆ ಎಲ್ಲಿಂದ ಎಲ್ಲಿಗೆ ಓಡಾಡುವುದೋ ಅಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಾ. ಆಮೇಲೂ ಈ ತಿಂಗಳೇ ಕಳುಹಿಸುವೆನೆಂದರೆ ಆ ಹಾಳೆಯನ್ನೂ ಜೊತೆಗೆ ಕಳುಹಿಸು. ನಾನು ಎರಡು ಮಾತಾಡುವುದಿಲ್ಲ. ಕಾಯುವೆನೆಂದರೆ, ಮಹಡಿಯ ಕೋಣೆ ಖಾಲಿಯಿದೆ, ಬಾಡಿಗೆಯ ಮಾತಿಲ್ಲ. ಇನ್ನೊಂದು ವರ್ಷದ ವಿಷಯವನ್ನು ನಿನ್ನ ತಾಯಿಗೆ ನಾನೇ ಯಲಹಂಕಕ್ಕೆ ಹೋಗಿ ಹೇಳುತ್ತೇನೆ.

ಇತಿ ನಿನ್ನ ಚಿಕ್ಕತಾತ