ಹಿಮದ ನಾಡಿನ ಲತಾಮಂಟಪಕ್ಕೆ ಬಳ್ಳಿಗುಲಾಬಿ

ನಾಲ್ಕು ಗಳು ನೆಟ್ಟು, ಮೇಲೆ ಅಡ್ಡಗಳು ಕಟ್ಟಿ, ಮಲ್ಲಿಗೆಯನ್ನು ಚಪ್ಪರಕ್ಕೆ ಹಬ್ಬಿಸಿದ ಮನೆಗಳಲ್ಲಿ ಬೆಳೆದವರು ಕೆನಡಾದಂತಹ ಶೀತದೇಶದಲ್ಲಿ ನೆಲೆಸಿ, ಹಿತ್ತಿಲಿನಲ್ಲಿ ಪರ್ಗೋಲವೆಂದು ಅಲ್ಲಿಯವರು ಕರೆಯುವ ಮರದ ಲತಾಮಂಟಪವೊಂದನ್ನು ಕಟ್ಟಿಸಿದ ಮೇಲೆ, ಅದರ ಕಂಬಗಳಿಗೆ ಗುಲಾಬಿಯನ್ನು ಹಬ್ಬಿಸಬೇಕೆಂದು ಆಶಿಸುವುದು ಸಹಜವೇ ಸರಿ. ಒಟ್ಟಾವಾದಲ್ಲಿ ಹಲವು ಚಳಿಗಾಲಗಳನ್ನು ಈ ಗಿಡಗಳೊಡನೆ ಕಳೆದ ನನಗೆ, ಆ ಆಸೆ ಖಂಡಿತವಾಗಿಯೂ ಕೈಗೂಡುವಂಥದೆಂಬ ನಂಬಿಕೆಯುಂಟು. ಆದರೆ ಬಣ್ಣದ ಚಿತ್ರವನ್ನು ಕಂಡು ಮನಸೋತು ಗಿಡವನ್ನು ಕೊಂಡವರಿಗೆ ಅದು ಕೈಗೂಡುವುದು ಅಪರೂಪ. ಮಂಟಪದ ಗುಲಾಬಿಯ ವಿಷಯದಲ್ಲಿ ಎಲ್ಲಕ್ಕೂ ಮೊದಲು ವಿಚಾರಿಸತಕ್ಕದ್ದು, ಹಿಮದ ಹೊದಿಕೆಯ ಮೇಲೆ ಬತ್ತಲೆಯಾಗಿ ನಿಲ್ಲುವ ಅದರ ಕೊಂಬೆ ಚಳಿಗಾಲವನ್ನು ದಾಟೀತೇ ಎಂಬ ಸಂಗತಿ.

ಪೊದೆಗುಲಾಬಿಯ ಮಾತು ಬೇರೆ. ಅದರ ಕೊಂಬೆಗಳೆಲ್ಲ ಚಳಿಗೆ ಸತ್ತರೂ ಮಣ್ಣಿನಡಿಯಲ್ಲಿ ಬುಡವೊಂದು ಉಳಿದುಕೊಂಡರೆ ಸಾಕು, ಹೊಸ ಚಿಗುರು ಹೊರಟು ಅದೇ ಬೇಸಗೆಯಲ್ಲಿ ಹೂ ಬಿಡುತ್ತದೆ. ಬಳ್ಳಿಗುಲಾಬಿಯಾದರೋ ಎಂಟಡಿ ಎತ್ತರದ ತೊಲೆಯನ್ನು ಮುಟ್ಟಿ ಮಂಟಪವನ್ನು ತುಂಬಬೇಕಾದರೆ, ಹೋದ ವರ್ಷದ ಕೊಂಬೆ ಉಳಿದು, ಅದರ ಮೇಲೆ ಈ ವರ್ಷದ ಕವಲು ಒಡೆದು, ಹೀಗೆ ಮೂರು ನಾಲ್ಕು ವರ್ಷಗಳ ಬೆಳವಣಿಗೆ ಒಂದರ ಮೇಲೊಂದು ಕೂಡಬೇಕು. ವರ್ಷಕ್ಕೊಮ್ಮೆ ಮಾತ್ರ ಅರಳುವ ಜಾತಿಗಳಿಗಂತೂ ಹಳೆಯ ಕೊಂಬೆಯಿಲ್ಲದೆ ಹೂವೇ ಇಲ್ಲ. ಪ್ರತಿ ಚಳಿಗಾಲದಲ್ಲಿಯೂ ನೆಲಮಟ್ಟಕ್ಕೆ ಸಾಯುವ ಗಿಡದ ಬೇರು ಎಷ್ಟು ಗಟ್ಟಿಯಾಗಿದ್ದರೇನು, ಅದರ ಚಪ್ಪರ ಎಂದೆಂದಿಗೂ ಬರಿದೇ.

ಆದಕಾರಣ ಮೊದಲು ತಮ್ಮ ಊರು ಯಾವ ಶೀತವಲಯಕ್ಕೆ ಸೇರಿದ್ದೆಂಬುದನ್ನು ತಿಳಿದುಕೊಳ್ಳಬೇಕು. ಅಮೆರಿಕದ ಕೃಷಿ ಇಲಾಖೆಯ ನಕ್ಷೆಯಲ್ಲಿ 5ನೆಯ ವಲಯವೆಂದರೆ ವರ್ಷದ ಕನಿಷ್ಠ ಉಷ್ಣತೆ ಸರಾಸರಿಯಾಗಿ ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುವ ಪ್ರದೇಶ. 4ನೆಯದು ಮೈನಸ್ 34ರವರೆಗೆ, 3ನೆಯದು ಮೈನಸ್ 40ರವರೆಗೆ. ಕೆನಡಾದ ನಕ್ಷೆ ಹಿಮದ ಆಳ, ಗಾಳಿಯ ರಭಸ ಮುಂತಾದವುಗಳನ್ನೂ ಗಣನೆಗೆ ತೆಗೆದುಕೊಳ್ಳುವುದರಿಂದ ಎರಡರ ಅಂಕೆಗಳು ಹೊಂದುವುದಿಲ್ಲ. ಗಿಡದ ಚೀಟಿಯ ಮೇಲಿರುವುದು ಯಾವ ನಕ್ಷೆಯ ಅಂಕೆ ಎಂದು ಕೇಳಿಕೊಳ್ಳುವುದು ಲೇಸು. ಮಂಟಪಕ್ಕೆ ಮಾತ್ರ, ತಮ್ಮ ವಲಯಕ್ಕಿಂತ ಒಂದು ಮೆಟ್ಟಿಲು ಹೆಚ್ಚಿನ ಚಳಿಯನ್ನು ತಾಳುವ ಜಾತಿಯನ್ನೇ ಆರಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಅಂಕೆಯೊಂದೇ ಎಲ್ಲವನ್ನೂ ಹೇಳುವುದೂ ಇಲ್ಲ: ಕ್ಯಾಲ್ಗರಿಯಲ್ಲಿ ಚಿನೂಕ್ ಎಂಬ ಬಿಸಿಗಾಳಿ ನಡುಚಳಿಗಾಲದಲ್ಲಿ ಬೀಸಿ ಕೆಲವೇ ಗಂಟೆಗಳಲ್ಲಿ ಹಿಮವನ್ನು ಕರಗಿಸುತ್ತದೆ, ಅದರ ಬೆನ್ನಿಗೇ ಮರಳುವ ಚಳಿ, ಎಡೆಬಿಡದ ಚಳಿಗಿಂತಲೂ ಹೆಚ್ಚಾಗಿ ಕೊಂಬೆಯನ್ನು ಘಾಸಿಗೊಳಿಸುತ್ತದೆ.

ಈ ಪರೀಕ್ಷೆಯಲ್ಲಿ ಗೆದ್ದ ಗುಲಾಬಿಗಳಲ್ಲಿ ಹಲವು ಒಟ್ಟಾವಾದ ಕೇಂದ್ರೀಯ ಪ್ರಯೋಗ ಕ್ಷೇತ್ರದಲ್ಲಿಯೇ ಹುಟ್ಟಿದವು. ಜರ್ಮನಿಯ ವಿಲ್ಹೆಲ್ಮ್ ಕೋರ್ಡೆಸ್ ಎಂಬ ತಳಿಗಾರರು, ಬೀಜ ಕಟ್ಟುವುದೇ ಅಪರೂಪವಾಗಿದ್ದ ‘ಮ್ಯಾಕ್ಸ್ ಗ್ರಾಫ್’ ಎಂಬ ಗುಲಾಬಿಯ ಬೀಜದಿಂದ ಚಳಿಯನ್ನು ತಾಳುವ ಸಸಿಯೊಂದನ್ನು ಪಡೆದರು. ಅದಕ್ಕೆ ರೋಸಾ ಕೋರ್ಡೆಸಿಯೈ ಎಂಬ ಹೆಸರಾಯಿತು. ಆ ಸಸಿಯ ವಂಶವನ್ನು ಬಳಸಿಕೊಂಡು, ಒಟ್ಟಾವಾದ ವಿಜ್ಞಾನಿ ಫೆಲಿಸಿಟಾಸ್ ಸ್ವೇಡಾ ಅವರು ಚಳಿಯನ್ನು ತಾಳುವ, ರೋಗವನ್ನು ತಡೆಯುವ, ಮತ್ತೆ ಮತ್ತೆ ಹೂ ಬಿಡುವ ಸಸಿಗಳನ್ನು ವರ್ಷಗಟ್ಟಲೆ ಆರಿಸುತ್ತ ಬಂದು, ಅನ್ವೇಷಕರ ಹೆಸರುಗಳನ್ನು ಹೊತ್ತ ‘ಎಕ್ಸ್‌ಪ್ಲೋರರ್’ ಮಾಲಿಕೆಯನ್ನು ಲೋಕಕ್ಕೆ ಕೊಟ್ಟರು. ಆ ಮಹಿಳೆಯ ತಾಳ್ಮೆಗೆ ಶೀತದೇಶದ ತೋಟಗಾರರೆಲ್ಲರೂ ಋಣಿಗಳು.

ಅವುಗಳಲ್ಲಿ ಮಂಟಪಕ್ಕೆ ನಾನು ಮೊದಲು ಹೇಳುವುದು 1983ರ ‘ವಿಲಿಯಂ ಬ್ಯಾಫಿನ್’. 3ನೆಯ ವಲಯದಲ್ಲಿಯೂ ಬದುಕುವ ಇದರ ದಪ್ಪ ಕೊಂಬೆಗಳು ಹತ್ತಡಿಯವರೆಗೆ ಏರಿ ತೊಲೆಯ ಮೇಲೆ ಬಾಗುತ್ತವೆ, ಗಾಢ ಗುಲಾಬಿಬಣ್ಣದ ಹೂಗಳು ಗೊಂಚಲು ಗೊಂಚಲಾಗಿ ಬರುತ್ತವೆ, ಪರಿಮಳ ಅಷ್ಟಕ್ಕಷ್ಟೆ. ಮುಳ್ಳು ಬಹಳವಾದ್ದರಿಂದ ಮಕ್ಕಳು ಓಡಾಡುವ ಬಾಗಿಲ ಕಂಬಕ್ಕೆ ಇದನ್ನು ಹಚ್ಚಬಾರದು. 1978ರ ‘ಜಾನ್ ಕ್ಯಾಬಟ್’ ಎತ್ತರದಲ್ಲಿ ಹೆಚ್ಚುಕಡಿಮೆ ಇದರ ಸರಿಸಮಾನ. 1986ರ ‘ಜಾನ್ ಡೇವಿಸ್’ ತೆಳುಗುಲಾಬಿ ಬಣ್ಣದ, ಒತ್ತೆಸಳಿನ, ನಸುಗಂಪಿನ ಹೂವಿನದು, ಮುಳ್ಳೂ ಕಡಿಮೆ. ಅದು ಏಳೆಂಟಡಿಗೇ ನಿಲ್ಲುವುದರಿಂದ ಬಾಗಿಲ ಕಂಬಕ್ಕೆ ತಕ್ಕದ್ದು. ಕೆಂಪೇ ಬೇಕೆಂಬವರಿಗೆ 1984ರ ‘ಹೆನ್ರಿ ಕೆಲ್ಸಿ’ ಇದೆ. ಕಪ್ಪುಚುಕ್ಕೆ ರೋಗ ಅದನ್ನು ಸುಲಭವಾಗಿ ಹಿಡಿಯುತ್ತದೆ. ಬಿಳಿಯ ಹೂವಿನ ಮೇಲೆ ಮನಸ್ಸಿದ್ದವರಿಗೆ ಫಿನ್ಲೆಂಡಿನ ‘ಪೋಲ್‌ಸ್ಟ್ಯಾರ್ನನ್’. ವರ್ಷಕ್ಕೊಮ್ಮೆಯೇ ಅರಳಿದರೂ ಚಳಿಗೆ ಅಂಜದ ಬಿಳಿಯ ಬಳ್ಳಿಗುಲಾಬಿ ಅದರಂಥದು ದುರ್ಲಭ. 1931ರಲ್ಲಿ ಅಮೆರಿಕದ ಮೊತ್ತಮೊದಲನೆಯ ಸಸ್ಯ ಪೇಟೆಂಟನ್ನು ಪಡೆದ ‘ನ್ಯೂ ಡಾನ್’ ಎಲ್ಲ ನರ್ಸರಿಗಳಲ್ಲಿಯೂ ದೊರೆಯುತ್ತದೆ, ಅತ್ಯಂತ ಸುಂದರವೂ ಹೌದು. ಟೊರಾಂಟೊದವರು ಧೈರ್ಯವಾಗಿ ನೆಡಬಹುದು, ವಿನ್ನಿಪೆಗ್‌ನವರು ಆ ಮೋಹವನ್ನು ಬಿಡುವುದೇ ಒಳ್ಳೆಯದು.

ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಗಿಡ ಸ್ವಂತ ಬೇರಿನದೋ, ಕಸಿಯದೋ? ನನ್ನ ಮೊದಲ ಗಿಡವನ್ನು ಈ ಪ್ರಶ್ನೆ ಕೇಳದೆಯೇ ತಂದಿದ್ದೆ. ಮೊದಲ ಬೇಸಗೆಯಲ್ಲಿ ಅಂಗೈಯಗಲದ ಕೆಂಪು ಹೂಗಳು ಬಂದವು. ಚಳಿಗಾಲ ಕಳೆದ ಮೇಲೆ ಬುಡದಿಂದ ಎಂದೂ ಕಾಣದ ಹುರುಪಿನಲ್ಲಿ ಚಿಗುರುಗಳೆದ್ದಾಗ ನಾನು ಹಿಗ್ಗಿ ಅವನ್ನೆಲ್ಲ ಕಂಬಕ್ಕೆ ಕಟ್ಟಿದೆ. ಮರುವರ್ಷದ ಜೂನ್ ತಿಂಗಳಿನಲ್ಲಿ ಅರಳಿದ್ದು ಬೆರಳುಗುರಿನಷ್ಟಗಲದ ಬಿಳಿಯ ಕಾಡುಹೂಗಳ ಗೊಂಚಲು. ಮೇಲಿನ ಕಸಿಯ ಭಾಗ ಎಂದೋ ಸತ್ತು, ಕೆಳಗಿನ ಬೇರುಗಿಡ ಮಾತ್ರ ಬೆಳೆದಿತ್ತು. ಸ್ವಂತ ಬೇರಿನ ಗಿಡವಾಗಿದ್ದರೆ ನೆಲದಿಂದ ಮತ್ತೆ ಹುಟ್ಟುವುದೂ ಅದೇ ಜಾತಿಯಾಗಿರುತ್ತಿತ್ತು. ಕಸಿಗಿಡವೇ ದೊರೆತರೆ, ಕಸಿಯ ಗಂಟು ಮಣ್ಣಿನ ಮಟ್ಟದಿಂದ ನಾಲ್ಕರಿಂದ ಆರು ಅಂಗುಲ ಕೆಳಗಿರುವಂತೆ ನೆಡತಕ್ಕದ್ದು.

ನೆಲದ ಹೆಪ್ಪು ಕರಗಿದ ಮೇಲೆ, ಮೇ ತಿಂಗಳಿನಲ್ಲಿ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ, ಕಂಬದಿಂದ ಒಂದೂವರೆ ಅಡಿ ದೂರದಲ್ಲಿ ಎರಡಡಿ ಅಗಲದ ಗುಣಿ ತೋಡಿ, ಹಳೆಯ ಗೊಬ್ಬರ ಬೆರೆಸಿ, ಗಿಡವನ್ನು ಕಂಬದ ಕಡೆಗೆ ತುಸು ವಾಲಿಸಿ ನೆಡಿರಿ. ಹೀರೆ, ತೊಂಡೆಗಳಂತೆ ಬಳ್ಳಿಗುಲಾಬಿಗೆ ಹಿಡಿದು ಹತ್ತುವ ಕುಡಿಯಿಲ್ಲ. ನಾವು ಕಟ್ಟಿದಷ್ಟೇ ಅದು ಏರುತ್ತದೆ. ತಂತಿಯಿಂದ ಕಟ್ಟಿದರೆ ಗಾಳಿಗೆ ತೊಗಟೆ ಉಜ್ಜಿ ಗಾಯವಾಗುವುದರಿಂದ, ಹಳೆಯ ಹತ್ತಿಬಟ್ಟೆಯ ಪಟ್ಟಿಯನ್ನು ಕಂಬಕ್ಕೂ ಕೊಂಬೆಗೂ ನಡುವೆ ಒಮ್ಮೆ ತಿರುಚಿ ಸಡಿಲವಾಗಿ ಗಂಟು ಹಾಕಬೇಕು. ಕೊಂಬೆಯನ್ನು ನೆಟ್ಟಗೆ ಬಿಟ್ಟರೆ ತುದಿಯಲ್ಲಿ ಮಾತ್ರ ಹೂ. ಕಂಬದ ಸುತ್ತ ಓರೆಯಾಗಿ ಸುತ್ತಿದರೆ, ಇಲ್ಲವೆ ತೊಲೆಯ ಮೇಲೆ ಅಡ್ಡಲಾಗಿ ಬಾಗಿಸಿದರೆ, ಗಿಣ್ಣು ಗಿಣ್ಣಿನಲ್ಲಿಯೂ ಹೂಕವಲು ಒಡೆಯುತ್ತದೆ. ಮೊದಲ ಎರಡು ವರ್ಷ ಸತ್ತ ಕೊಂಬೆಯನ್ನಲ್ಲದೆ ಬೇರೇನನ್ನೂ ಕತ್ತರಿಸಬಾರದು.

ಜುಲೈ ಕಡೆಯ ಹೊತ್ತಿಗೆ ಗೊಬ್ಬರವನ್ನು ನಿಲ್ಲಿಸಬೇಕು. ತಡವಾಗಿ ಹುಟ್ಟಿದ ಎಳೆಯ ಕೊಂಬೆ ಬಲಿಯುವ ಮೊದಲೇ ಚಳಿಗೆ ಸಿಕ್ಕುತ್ತದೆ. ಸೆಪ್ಟೆಂಬರಿನಿಂದ ಬಾಡಿದ ಹೂಗಳನ್ನು ಕೀಳದೆ ಕಾಯಿ ಕಟ್ಟಲು ಬಿಟ್ಟರೆ ಗಿಡ ತಾನಾಗಿಯೇ ಬೆಳವಣಿಗೆಯನ್ನು ತಗ್ಗಿಸುತ್ತದೆ. ನೆಲ ಹೆಪ್ಪುಗಟ್ಟುವವರೆಗೂ ನೀರು ಕೊಡುವುದನ್ನು ಮರೆಯಬಾರದು, ಏಕೆಂದರೆ ಎಷ್ಟೋ ಕೊಂಬೆಗಳು ಚಳಿಗಾಲದ ಒಣಗಾಳಿಗೆ ನೀರಿಲ್ಲದೆ ಒಣಗಿಯೇ ಸಾಯುತ್ತವೆ. ನವೆಂಬರಿನಲ್ಲಿ ಬುಡಕ್ಕೆ ಒಂದಡಿ ಎತ್ತರ ಮಣ್ಣು ಏರಿಸಿದರಾಯಿತು.

ಮೇ ತಿಂಗಳಿನಲ್ಲಿ ಕಪ್ಪಗೆ, ಸತ್ತಂತೆ ಕಾಣುವ ಕೊಂಬೆಗಳನ್ನು ಕಂಡು ಅವಸರದಿಂದ ಕತ್ತರಿ ಹಿಡಿಯಬೇಡಿ. ಮೊಗ್ಗುಗಳು ಉಬ್ಬುವವರೆಗೆ ಕಾದು, ತುದಿಯಿಂದ ಕೆಳಕ್ಕೆ ಗೇಣಿಗೊಮ್ಮೆ ತೊಗಟೆಯನ್ನು ಉಗುರಿನಿಂದ ತುಸುವೇ ಕೆರೆದು ನೋಡಿ: ಒಳಗೆ ಕಂದುಬಣ್ಣವಿದ್ದರೆ ಅದು ಸತ್ತದ್ದು, ಹಸಿಯಾದ ಹಸಿರು ಕಂಡರೆ ಬದುಕಿರುವುದು. ಹಸಿರು ಮೊದಲಾಗುವ ಸ್ಥಳದಲ್ಲಿ, ಹೊರಮುಖವಾದ ಮೊಗ್ಗಿನ ಕಾಲಂಗುಲ ಮೇಲೆ ಓರೆಯಾಗಿ ಕತ್ತರಿಸಿ, ಉಳಿದ ಕೊಂಬೆಯನ್ನು ಮತ್ತೆ ಕಂಬಕ್ಕೆ ಕಟ್ಟಿರಿ.