ಮೊಡವೆ ಮದ್ದು: ಲಾಭ ಎಷ್ಟು, ಅಪಾಯ ಎಷ್ಟು?



ನೀವು ಸಂತೆಗೆ ಹೋಗ್ತೀರಿ. ಈರುಳ್ಳಿ ಕೊಳ್ತೀರಿ. ಸುಮ್ಮನೆ ಕೊಳ್ತೀರಾ? ಇಲ್ಲ. ಕೈಯಲ್ಲಿ ಹಿಡಿದು ನೋಡ್ತೀರಿ. ದರ ಕೇಳ್ತೀರಿ. ತಕ್ಕಡಿಯ ಮುಳ್ಳು ಎತ್ತ ವಾಲುತ್ತೆ ಅಂತ ನೋಡ್ತೀರಿ.

ಆದರೆ ಮುಖಕ್ಕೆ ಹಚ್ಚುವ ಮುಲಾಮು ಕೊಳ್ಳುವಾಗ? "ಮೊಡವೆಗೆ ಏನಾದರೂ ಕೊಡಣ್ಣ" ಅಂತೀವಿ. ಅಂಗಡಿಯವರು ಒಂದು ಟ್ಯೂಬ್ ಕೊಡ್ತಾರೆ. ದುಡ್ಡು ಕೊಟ್ಟು ಬರ್ತೀವಿ. ಅದರಲ್ಲಿ ಏನಿದೆ ಅಂತ ಕೇಳೋದಿಲ್ಲ. ಅದರಿಂದ ಏನಾಗುತ್ತೆ ಅಂತಲೂ ಕೇಳೋದಿಲ್ಲ.

ಪ್ರತಿ ಮದ್ದಿಗೂ ಲಾಭ ಇದೆ. ಪ್ರತಿ ಮದ್ದಿಗೂ ಅಪಾಯ ಇದೆ. ಎರಡನ್ನೂ ತೂಗಿ ನೋಡುವುದು ಹೇಗೆ? ಈ ಪಾಠದಲ್ಲಿ ತಿಳಿಯೋಣ.

ದೊಡ್ಡವರಿಗೂ ಮೊಡವೆ ಬರುತ್ತದೆಯೆ?

ಬರುತ್ತದೆ. ಮೊಡವೆ ಹರೆಯದವರಿಗೆ ಮಾತ್ರ ಅಂತ ತಿಳಿದಿದ್ದೇವೆ. ಆದರೆ 30 ದಾಟಿದವರಿಗೂ ಬರುತ್ತದೆ. 40 ದಾಟಿದವರಿಗೂ ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು.

ನಮ್ಮ ಚರ್ಮದಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಅವುಗಳ ಬುಡದಲ್ಲಿ ಎಣ್ಣೆಯ ಗ್ರಂಥಿಗಳಿವೆ. ಅಲ್ಲಿಂದ ಜಿಡ್ಡು ಹೊರಗೆ ಬರುತ್ತದೆ. ರಂಧ್ರ ಕಟ್ಟಿಕೊಂಡರೆ ಜಿಡ್ಡು ಒಳಗೇ ನಿಲ್ಲುತ್ತದೆ. ಅಲ್ಲಿ ರೋಗಾಣು ಬೆಳೆಯುತ್ತದೆ. ಚರ್ಮ ಕೆಂಪಾಗಿ ಊದುತ್ತದೆ. ಕೀವು ಕಟ್ಟುತ್ತದೆ. ಇದೇ ಮೊಡವೆ.

ಮೊಡವೆ ಕೊಳೆಯಿಂದ ಬರುವುದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. "ರಕ್ತ ಕೆಟ್ಟಿದೆ" ಅನ್ನುವುದು ಸರಿಯಲ್ಲ. ಮೈಯೊಳಗಿನ ಹಾರ್ಮೋನು ಏರುಪೇರಾದಾಗ ಮೊಡವೆ ಹೆಚ್ಚಾಗುತ್ತದೆ. ಅದಕ್ಕೇ ಹಲವರಿಗೆ ಮುಟ್ಟಿನ ಮುಂಚೆ ಗದ್ದದ ಮೇಲೆ ಏಳುತ್ತದೆ.

ಮೊಡವೆ ಹಿಸುಕಬೇಡಿ. ಹಿಸುಕಿದರೆ ಕಲೆ ಉಳಿಯುತ್ತದೆ. ಗುಳಿ ಬೀಳುತ್ತದೆ. ನಿಂಬೆರಸ, ಸೋಡಪುಡಿ, ಹಲ್ಲುಜ್ಜುವ ಪೇಸ್ಟ್ ಹಚ್ಚಬೇಡಿ. ಚರ್ಮ ಸುಡುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ. ಆದರೆ ಅದು ಹಣೆಗೆ, ಕೆನ್ನೆಗೆ ಇಳಿಯದ ಹಾಗೆ ನೋಡಿಕೊಳ್ಳಿ.

ಅತ್ತಿಗೆ ನಾದಿನಿ ಮಾತು

ನಾದಿನಿ: ಅತ್ತಿಗೆ, ಈ ಟ್ಯೂಬ್ ನೋಡಿ. ಒಂದೇ ವಾರದಲ್ಲಿ ಮೊಡವೆ ಹೋಯ್ತು. ಮುಖಾನೂ ಬೆಳ್ಳಗಾಯ್ತು.

ಅತ್ತಿಗೆ: ಯಾರು ಬರೆದುಕೊಟ್ಟರು?

ನಾದಿನಿ: ಯಾರೂ ಇಲ್ಲ. ಪಕ್ಕದ ಮನೆಯವರು ಹಚ್ಚುತಾರೆ. ಅಂಗಡೀಲಿ ಕೇಳಿದೆ, ಕೊಟ್ಟರು.

ಅತ್ತಿಗೆ: ಎಷ್ಟು ದಿನದಿಂದ ಹಚ್ಚುತಿದೀಯ?

ನಾದಿನಿ: ನಾಲ್ಕು ತಿಂಗಳಾಯ್ತು. ಈಗ ಬಿಸಿಲಿಗೆ ಹೋದರೆ ಮುಖ ಉರಿಯುತ್ತೆ. ಎರಡು ದಿನ ಬಿಟ್ಟರೆ ಕೆಂಪಗಾಗುತ್ತೆ. ಮೊಡವೆ ಮೊದಲಿಗಿಂತ ಜಾಸ್ತಿ ಏಳುತ್ತೆ. ಅದಕ್ಕೇ ಬಿಡೋಕೆ ಭಯ.

ಅತ್ತಿಗೆ: ಬಿಟ್ಟರೆ ಜಾಸ್ತಿ ಆಗುತ್ತೆ ಅಂದರೆ ಅದು ವಾಸಿ ಮಾಡಿಲ್ಲ ಕಣೇ. ಮುಚ್ಚಿಟ್ಟಿದೆ ಅಷ್ಟೇ. ನಡಿ, ಟ್ಯೂಬ್ ತಗೊಂಡು ಡಾಕ್ಟರ ಹತ್ತಿರ ಹೋಗೋಣ.

ಬೇಗ ಬೆಳ್ಳಗೆ ಮಾಡುವ ಮುಲಾಮು

ಆ ಟ್ಯೂಬಿನಲ್ಲಿ ಏನಿತ್ತು? ಸ್ಟೀರಾಯ್ಡ್ ಇತ್ತು. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್. ಇವೆಲ್ಲ ಸ್ಟೀರಾಯ್ಡ್‌ಗಳ ಹೆಸರು.

ಸ್ಟೀರಾಯ್ಡ್ ಕೆಟ್ಟ ಮದ್ದಲ್ಲ. ಇಸುಬಿನಂಥ ಕೆಲವು ಕಾಯಿಲೆಗೆ ವೈದ್ಯರು ಕೊಡುತ್ತಾರೆ. ಇಷ್ಟು ದಿನ ಹಚ್ಚಿ ಅಂತ ಲೆಕ್ಕ ಹೇಳುತ್ತಾರೆ. ಆದರೆ ಮೊಡವೆಗೆ ಇದು ಮದ್ದಲ್ಲ.

ಮೊದಲು ಊತ ಇಳಿಯುತ್ತದೆ. ಮುಖ ಬೆಳ್ಳಗೆ ಕಾಣುತ್ತದೆ. ಇದು ಕಣ್ಣಿಗೆ ಕಾಣುವ ಲಾಭ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಕೆಂಪು ನರಗಳು ಎದ್ದು ಕಾಣುತ್ತವೆ. ಮುಖದ ಮೇಲೆ ಕೂದಲು ಬೆಳೆಯುತ್ತದೆ. ಬಿಸಿಲು ತಾಗಿದರೆ ಉರಿ. ಹೊಸ ಮೊಡವೆಗಳು ಏಳುತ್ತವೆ. ಇದು ಆಮೇಲೆ ಕಾಣುವ ನಷ್ಟ.

ದೇಶದ ಎಲ್ಲ ಕಡೆ ಈ ತೊಂದರೆ ಹೆಚ್ಚಾಯಿತು. ಚರ್ಮರೋಗ ತಜ್ಞರು ಸರ್ಕಾರಕ್ಕೆ ತಿಳಿಸಿದರು. 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಆದರೂ ಚೀಟಿ ಇಲ್ಲದೆ ಕೊಡುವವರು ಇದ್ದಾರೆ. ಕೇಳದೆ ಕೊಳ್ಳುವವರೂ ಇದ್ದಾರೆ.

ಈಗಾಗಲೇ ಹಚ್ಚುತ್ತಿದ್ದರೆ ಹೆದರಬೇಡಿ. ನಾಚಬೇಡಿ. ಟ್ಯೂಬ್ ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ. ಹೇಗೆ ಬಿಡಬೇಕು ಅಂತ ಅವರು ಹೇಳುತ್ತಾರೆ. ಚರ್ಮ ಸುಧಾರಿಸಲು ತಿಂಗಳುಗಳು ಬೇಕು.

ವೈದ್ಯರು ಕೊಡುವ ಮದ್ದುಗಳು

ಮೊಡವೆಗೆ ಸರಿಯಾದ ಮದ್ದುಗಳಿವೆ. ಅವುಗಳಿಗೂ ಎರಡು ಬದಿ ಇದೆ.

1. ಬೆಂಜಾಯಿಲ್ ಪೆರಾಕ್ಸೈಡ್ ಜೆಲ್
ಲಾಭ: ರೋಗಾಣುವನ್ನು ಕೊಲ್ಲುತ್ತದೆ. ಸಣ್ಣ ಮೊಡವೆಗೆ ಒಳ್ಳೆಯದು.
ಅಪಾಯ: ಚರ್ಮ ಒಣಗುತ್ತದೆ, ಸಿಪ್ಪೆ ಏಳುತ್ತದೆ. ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆ. ರವಿಕೆ, ದಿಂಬಿನ ಚೀಲ ಜೋಪಾನ.

2. ಅಡಾಪಲೀನ್ ಜೆಲ್
ಲಾಭ: ಕಟ್ಟಿಕೊಂಡ ರಂಧ್ರ ಬಿಡಿಸುತ್ತದೆ. ಹೊಸ ಮೊಡವೆ ಕಡಿಮೆ ಮಾಡುತ್ತದೆ.
ಅಪಾಯ: ಮೊದಲ ವಾರಗಳಲ್ಲಿ ಕೆಂಪು, ಉರಿ. ರಾತ್ರಿ ಮಾತ್ರ ಹಚ್ಚಬೇಕು. ಕಡಲೆಕಾಳಿನಷ್ಟು ಸಾಕು. ಬಸುರಿಯರು ಹಚ್ಚಬಾರದು.

3. ಡಾಕ್ಸಿಸೈಕ್ಲಿನ್‌ನಂಥ ರೋಗಾಣು ಕೊಲ್ಲುವ ಮಾತ್ರೆ
ಲಾಭ: ಕೀವು ತುಂಬಿದ, ನೋಯುವ ಮೊಡವೆ ಇಳಿಯುತ್ತದೆ.
ಅಪಾಯ: ಹೊಟ್ಟೆ ತೊಳಸುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಬಸುರಿಯರಿಗೆ ಆಗದು. ಒಂದು ಲೋಟ ನೀರು ಪೂರ್ತಿ ಕುಡಿಯಬೇಕು. ನುಂಗಿದ ಕೂಡಲೇ ಮಲಗಬಾರದು.
ಇದನ್ನು ವರ್ಷಗಟ್ಟಲೆ ನುಂಗಬಾರದು. ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ವೈದ್ಯರು ನಿಲ್ಲಿಸುತ್ತಾರೆ. ಯಾಕೆ? ಮೆಣಸಿನ ಗಿಡಕ್ಕೆ ಒಂದೇ ಔಷಧಿ ಹೊಡೀತಾ ಹೋದರೆ ಏನಾಗುತ್ತೆ? ಹುಳ ಅದಕ್ಕೆ ಬಗ್ಗೋದಿಲ್ಲ. ರೋಗಾಣುವೂ ಹಾಗೇ.

4. ಹಾರ್ಮೋನಿನ ಮಾತ್ರೆ
ಲಾಭ: ಮುಟ್ಟಿನ ಜೊತೆ ಏರಿಳಿಯುವ ಮೊಡವೆಗೆ ಕೆಲಸ ಮಾಡುತ್ತದೆ. ಸಂತಾನ ನಿಯಂತ್ರಣದ ಕೆಲವು ಗುಳಿಗೆಗಳನ್ನೂ ಇದಕ್ಕೆ ಕೊಡುತ್ತಾರೆ.
ಅಪಾಯ: ಕೆಲವರಿಗೆ ರಕ್ತ ಹೆಪ್ಪುಗಟ್ಟಬಹುದು. ಬಿ.ಪಿ. ಇದ್ದರೆ, ಅರೆತಲೆನೋವು ಇದ್ದರೆ, ಎದೆಹಾಲು ಕುಡಿಸುತ್ತಿದ್ದರೆ ಮೊದಲೇ ಹೇಳಿ. ತಾವಾಗಿಯೇ ನುಂಗಬಾರದು.

5. ಐಸೋಟ್ರೆಟಿನೋಯಿನ್ ಮಾತ್ರೆ
ಲಾಭ: ಬೇರೆ ಯಾವುದಕ್ಕೂ ಬಗ್ಗದ ದಪ್ಪ ಮೊಡವೆಗೆ ಇದು ಬಲವಾದ ಮದ್ದು. ಹಲವರಿಗೆ ಮೊಡವೆ ಪೂರಾ ಹೋಗುತ್ತದೆ.
ಅಪಾಯ: ತುಟಿ ಒಡೆಯುತ್ತದೆ. ಕಣ್ಣು ಒಣಗುತ್ತದೆ. ಯಕೃತ್ತು ಮತ್ತು ರಕ್ತದ ಕೊಬ್ಬು ನೋಡಲು ರಕ್ತ ಪರೀಕ್ಷೆ ಬೇಕು. ಮನಸ್ಸು ಮಂಕಾದರೆ ತಕ್ಷಣ ಹೇಳಬೇಕು.
ದೊಡ್ಡ ಅಪಾಯ: ಈ ಮಾತ್ರೆ ನುಂಗುವಾಗ ಬಸುರಾದರೆ ಮಗುವಿನ ಹೃದಯ, ಮೆದುಳು, ಕಿವಿ, ಮುಖಕ್ಕೆ ಊನ ಬರಬಹುದು. ಗರ್ಭವೂ ಇಳಿಯಬಹುದು. ಆದ್ದರಿಂದ ಶುರು ಮಾಡುವ ಮುಂಚೆ ಬಸುರಿಲ್ಲ ಅಂತ ಪರೀಕ್ಷೆ ಆಗಬೇಕು. ಒಂದು ತಿಂಗಳು ಮುಂಚಿನಿಂದ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಮಾತ್ರೆ ಬಿಟ್ಟ ಮೇಲೂ ಒಂದು ತಿಂಗಳು ಹಾಗೇ ಇರಬೇಕು. ಆ ದಿನಗಳಲ್ಲಿ ರಕ್ತದಾನವನ್ನೂ ಮಾಡಬಾರದು. ಯಾರಿಗೋ ಬರೆದ ಈ ಮಾತ್ರೆಯನ್ನು ಒಂದೂ ನುಂಗಬೇಡಿ.

ಯಾವ ಸರಿಯಾದ ಮದ್ದೂ ಒಂದು ವಾರದಲ್ಲಿ ಕೆಲಸ ಮಾಡುವುದಿಲ್ಲ. ಆರರಿಂದ ಎಂಟು ವಾರ ಬೇಕು. ಕೆಲವರಿಗೆ ಮೂರು ತಿಂಗಳು ಬೇಕು. ನಡುವೆ ಬಿಡಬೇಡಿ.

ಒಬ್ಬೊಬ್ಬರ ತೂಕ ಒಂದೊಂದು

ಮೊಡವೆ ಒಂದೇ. ಆದರೆ ಎಲ್ಲರ ಬದುಕು ಒಂದೇ ಅಲ್ಲ. ನಮ್ಮ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ಆಸ್ಪತ್ರೆಗೆ ಬಂದರು ಅಂತ ಇಟ್ಟುಕೊಳ್ಳಿ.

ಒಬ್ಬರು ಅರಕಲಗೂಡಿನ ಕಡೆಯವರು. ದಿನವಿಡೀ ಹೊಗೆಸೊಪ್ಪಿನ ಹೊಲದಲ್ಲಿ ಕೆಲಸ. ಬಿಸಿಲಿಗೆ ಚರ್ಮ ಸುಡುವ ಮಾತ್ರೆ ಇವರಿಗೆ ಕಷ್ಟ. "ನಾನು ಬಿಸಿಲಲ್ಲಿ ದುಡಿಯೋಳು" ಅಂತ ವೈದ್ಯರಿಗೆ ಹೇಳಬೇಕು. ಆಗ ಅವರು ಬೇರೆ ಮದ್ದು ಯೋಚಿಸುತ್ತಾರೆ.

ಇನ್ನೊಬ್ಬಳು ಹೊಳೆನರಸೀಪುರದವಳು. ಹೊಸದಾಗಿ ಮದುವೆಯಾಗಿದೆ. ಮಗು ಬೇಕು ಅಂತ ಆಸೆ. ಇವಳಿಗೆ ಅಡಾಪಲೀನ್, ಡಾಕ್ಸಿಸೈಕ್ಲಿನ್, ಐಸೋಟ್ರೆಟಿನೋಯಿನ್ ಬೇಡ. ಬಸುರಿಯರಿಗೂ ಕೊಡಬಹುದಾದ ಅಜೆಲಾಯಿಕ್ ಆಸಿಡ್ ಮುಲಾಮು ಇದೆ. ನಿಧಾನ, ಆದರೆ ಮಗುವಿಗೆ ಭಯ ಇಲ್ಲ.

ಮತ್ತೊಬ್ಬರು ಚನ್ನರಾಯಪಟ್ಟಣದವರು. ವಯಸ್ಸು 36. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಗದ್ದದ ಮೇಲೆ ಕೂದಲು. ತೂಕವೂ ಏರಿದೆ. ಇವರಿಗೆ ಮುಲಾಮು ಒಂದೇ ಸಾಲದು. ಅಂಡಾಶಯದ ತೊಂದರೆ ಇರಬಹುದು. ಇದನ್ನು ಪಿ.ಸಿ.ಓ.ಡಿ. ಅಂತಾರೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಬೇಕು. ಮೊಡವೆ ಇಲ್ಲಿ ಸುದ್ದಿ ಹೇಳುವ ಗುರುತು.

ನಾಲ್ಕನೆಯವಳು ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾಳೆ. ತಿಂಗಳಿಗೆ ಎರಡೋ ಮೂರೋ ಮೊಡವೆ. ನೋವಿಲ್ಲ. ಕಲೆ ಇಲ್ಲ. ದಿನಕ್ಕೆ ಎರಡು ಸಲ ಮುಖ ತೊಳೆದರೆ ಸಾಕು. ಮದ್ದು ಬೇಡ ಅನ್ನುವುದೂ ತೂಗಿ ನೋಡಿದ ತೀರ್ಮಾನವೇ.

ಹಾಗಂತ "ಮೊಡವೆ ತಾನೆ, ಬಿಡು" ಅಂತ ಎಲ್ಲರಿಗೂ ಹೇಳಬಾರದು. ನೋವು ಇದ್ದರೆ, ಗುಳಿ ಬೀಳುತ್ತಿದ್ದರೆ ಮದ್ದು ಬೇಕು. ಸೆರಗು ಮುಚ್ಚಿಕೊಂಡು ಓಡಾಡುವಷ್ಟು ಬೇಸರ ಆಗಿದ್ದರೂ ಮದ್ದು ಬೇಕು. ಮನಸ್ಸಿನ ನೋವಿಗೂ ತಕ್ಕಡಿಯಲ್ಲಿ ತೂಕ ಇದೆ.

ಎಲ್ಲಿಗೆ ಹೋಗುವುದು? ಏನು ಕೇಳುವುದು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಇಲ್ಲವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಚರ್ಮರೋಗ ತಜ್ಞರು ಬೇಕಾದರೆ ಹಾಸನಕ್ಕೆ ಕಳಿಸುತ್ತಾರೆ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2006ರಲ್ಲಿ ಶುರುವಾಯಿತು. ಜನ ಇದನ್ನು ಹಿಮ್ಸ್ ಅಂತಾರೆ. ಇದಕ್ಕೆ ಸೇರಿದ ದೊಡ್ಡಾಸ್ಪತ್ರೆಯ ಚೀಟಿ ಮಾಡಿಸುವ ಕಡೆ "ಚರ್ಮರೋಗ ವಿಭಾಗ" ಅಂತ ಕೇಳಿ. ಬಾಗಿಲ ಮೇಲಿನ ಬೋರ್ಡು ಈಗ ನೀವೇ ಓದಬಲ್ಲಿರಿ.

ವೈದ್ಯರನ್ನು ಈ ನಾಲ್ಕು ಮಾತು ಕೇಳಿ:

1. ಈ ಮದ್ದಿನ ಹೆಸರೇನು?
2. ಇದರಿಂದ ಏನು ಗುಣ? ಎಷ್ಟು ದಿನಕ್ಕೆ?
3. ಏನು ತೊಂದರೆ ಆಗಬಹುದು?
4. ಬಸುರಾದರೆ, ಎದೆಹಾಲು ಕುಡಿಸುತ್ತಿದ್ದರೆ ಇದು ಆಗುತ್ತದೆಯೆ?

ಉತ್ತರವನ್ನು ನಿಮ್ಮ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ.

ಟ್ಯೂಬಿನ ಮೇಲೆ ಹೆಚ್ಚಾಗಿ ಇಂಗ್ಲಿಷ್ ಇರುತ್ತದೆ. ಆದರೂ ನೀವು ನೋಡಬಹುದಾದದ್ದು ಇದೆ. ಉದ್ದಕ್ಕೆ ಕೆಂಪು ಗೆರೆ ಇದೆಯೆ ನೋಡಿ. ಇದ್ದರೆ ಅದು ವೈದ್ಯರ ಚೀಟಿ ಬೇಕಾದ ಮದ್ದು. ಅವಧಿ ಮುಗಿಯುವ ತಿಂಗಳು, ವರ್ಷದ ಅಂಕಿ ನೋಡಿ. ಬೆಲೆ ನೋಡಿ. ಅಂಗಡಿಯವರನ್ನು ನೇರವಾಗಿ ಕೇಳಿ: "ಇದರಲ್ಲಿ ಸ್ಟೀರಾಯ್ಡ್ ಇದೆಯಾ ಅಣ್ಣ?" ಇಂಗ್ಲಿಷ್ ಬರುವ ಮಕ್ಕಳಿಂದಲೂ ಹೆಸರು ಓದಿಸಿ.

ಮದ್ದು ದುಬಾರಿ ಅನಿಸಿದರೆ ಜನೌಷಧಿ ಕೇಂದ್ರದಲ್ಲಿ ಕೇಳಿ. ಹೆಸರು ಬೇರೆ, ಮದ್ದು ಅದೇ. ಬೆಲೆ ಕಡಿಮೆ.

ಕೇಳುವುದು ತಪ್ಪಲ್ಲ. ಮುಖ ನಮ್ಮದು. ಮೈ ನಮ್ಮದು. ಹುಟ್ಟುವ ಮಗುವೂ ನಮ್ಮದು.

ಅಭ್ಯಾಸ

ಅ. ಈ ಪದಗಳನ್ನು ಓದಿ, ಬರೆಯಿರಿ:
ಮೊಡವೆ, ಮುಲಾಮು, ಚರ್ಮ, ಗ್ರಂಥಿ, ಸ್ಟೀರಾಯ್ಡ್, ಅಪಾಯ.

ಆ. ಬಿಟ್ಟ ಜಾಗ ತುಂಬಿರಿ:
1. ಮೊಡವೆ ಹಿಸುಕಿದರೆ ______ ಬೀಳುತ್ತದೆ.
2. ಟ್ಯೂಬಿನ ಮೇಲೆ ______ ಗೆರೆ ಇದ್ದರೆ ವೈದ್ಯರ ಚೀಟಿ ಬೇಕು.
3. ಸರಿಯಾದ ಮದ್ದು ಕೆಲಸ ಮಾಡಲು ಆರರಿಂದ ______ ವಾರ ಬೇಕು.

ಇ. ಉತ್ತರ ಬರೆಯಿರಿ:
1. ನಾದಿನಿಗೆ ಟ್ಯೂಬ್ ಬಿಡಲು ಭಯ ಯಾಕೆ?
2. ಐಸೋಟ್ರೆಟಿನೋಯಿನ್ ಮಾತ್ರೆಯ ದೊಡ್ಡ ಅಪಾಯ ಏನು?
3. ನಾಲ್ಕನೆಯವಳಿಗೆ ಮದ್ದು ಯಾಕೆ ಬೇಡ?

ಈ. ನಿಮ್ಮ ಮನೆಯಲ್ಲಿರುವ ಒಂದು ಮದ್ದು ತೆಗೆದುಕೊಳ್ಳಿ. ಹಾಳೆಯ ನಡುವೆ ಗೆರೆ ಎಳೆಯಿರಿ. ಒಂದು ಕಡೆ "ಲಾಭ" ಅಂತ ಬರೆಯಿರಿ. ಇನ್ನೊಂದು ಕಡೆ "ಅಪಾಯ" ಅಂತ ಬರೆಯಿರಿ. ಗೊತ್ತಿರುವುದನ್ನು ತುಂಬಿ. ಗೊತ್ತಿಲ್ಲದ್ದನ್ನು ಆಶಾ ಕಾರ್ಯಕರ್ತೆಯನ್ನೋ ನರ್ಸಮ್ಮನನ್ನೋ ಕೇಳಿ ತುಂಬಿ. ಬರೆದದ್ದನ್ನು ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿ.